ನಿಂತ ಪಾಠ, ಮತ್ತೆ ಹಿಡಿದ ಸ್ವರ



ನಮ್ಮ ಮನೆಗಳಲ್ಲಿ ಒಂದು ರೂಢಿಯಿದೆ. ಮಗನೋ ಮಗಳೋ ಎಸ್.ಎಸ್.ಎಲ್.ಸಿ.ಗೆ ಬಂದ ಕೂಡಲೇ ಸಂಗೀತದ ಪಾಠ ನಿಲ್ಲುತ್ತದೆ. ಹಾರ್ಮೋನಿಯಂ ಅಟ್ಟ ಸೇರುತ್ತದೆ. ತಬಲಾ ಗಂಟು ಕಟ್ಟಿಸಿಕೊಂಡು ಮೂಲೆಯಲ್ಲಿ ಕೂರುತ್ತದೆ. "ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ" ಎನ್ನುತ್ತಾರೆ ಹಿರಿಯರು. ಆ 'ಆಮೇಲೆ' ಎಂಬುದು ಪಿ.ಯು.ಸಿ., ಪದವಿ, ನೌಕರಿ, ಮದುವೆ ಎಂದು ಮುಂದೆ ಮುಂದೆ ಸರಿಯುತ್ತದೆ. ಮೂವತ್ತರ ಆಸುಪಾಸಿನಲ್ಲಿ ಎಲ್ಲಿಯೋ ಹಳೆಯ ರಾಗವೊಂದು ಕಿವಿಗೆ ಬಿದ್ದಾಗ ಒಂದು ಪ್ರಶ್ನೆ ಏಳುತ್ತದೆ: ಈಗ ಮತ್ತೆ ಕಲಿಯಲು ಕುಳಿತರೆ ಬಂದೀತೇ?

ಈ ಪ್ರಶ್ನೆಗೆ ವೈದ್ಯರು ಒಂದು ಉತ್ತರ ಕೊಡಬಹುದು, ಮನೋವಿಜ್ಞಾನದವರು ಇನ್ನೊಂದು ಕೊಡಬಹುದು. ನಾನು ಇತಿಹಾಸದ ಮೇಷ್ಟ್ರಾದ್ದರಿಂದ ಹಾವೇರಿ ಜಿಲ್ಲೆಯ ನೆಲದಲ್ಲಿ ಮತ್ತು ಅದರ ನೆರೆಯಲ್ಲಿ ನಡೆದುಹೋದ ಕೆಲವು ಸಂಗತಿಗಳನ್ನು ನಿಮ್ಮ ಮುಂದಿಡುತ್ತೇನೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದರೆ ನಿಮಗೆ ಏನು ನೆನಪಾಗುತ್ತದೆ? ಹಾನಗಲ್ಲಿನ ತಾರಕೇಶ್ವರ ದೇವಾಲಯದ ಕಮಲದ ಛತ್ತು, ಶಿಗ್ಗಾಂವಿ ತಾಲ್ಲೂಕಿನ ಬಾಡದ ಕನಕದಾಸರು, ಶಿಶುವಿನಹಾಳದ ಶರೀಫ ಸಾಹೇಬರು, ಸವಣೂರಿನ ನವಾಬರು, ಅಲ್ಲಿಯ ಎಲೆ ಮತ್ತು ಖಾರ, ಹಿರೇಕೆರೂರು ಸೀಮೆಯ ಮಾಸೂರಿನೊಂದಿಗೆ ಹೆಣೆದುಕೊಂಡ ಸರ್ವಜ್ಞನ ಹೆಸರು. 1997ರಲ್ಲಿ ಹಾವೇರಿ ಜಿಲ್ಲೆಯಾಗುವವರೆಗೆ ಈ ನಾಲ್ಕೂ ಧಾರವಾಡ ಜಿಲ್ಲೆಯ ತಾಲ್ಲೂಕುಗಳು. ಈ ಪಟ್ಟಿಯಲ್ಲಿ ಸಂಗೀತ ತಾನಾಗಿ ಬರುವುದಿಲ್ಲ. ಆದರೆ 'ಹಾನಗಲ್' ಎಂಬ ಊರ ಹೆಸರನ್ನು ದೇಶದ ಸಂಗೀತಪ್ರಿಯರೆಲ್ಲ ಒಬ್ಬ ಮಹಿಳೆಯ ಹೆಸರಿನೊಂದಿಗೆ ಸೇರಿಸಿಯೇ ಉಚ್ಚರಿಸುತ್ತಾರೆ. ಅವರು ಗಂಗೂಬಾಯಿ ಹಾನಗಲ್. ಅವರ ಪಾಠ ಎಳೆತನದಲ್ಲಿ ನಿಂತು, ಮಕ್ಕಳ ತಾಯಿಯಾದ ಮೇಲೆ ಮತ್ತೆ ಆರಂಭವಾಯಿತು ಎಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಗಂಗೂಬಾಯಿಯವರು ಹುಟ್ಟಿದ್ದು ಹಾನಗಲ್ಲಿನಲ್ಲಲ್ಲ, ಧಾರವಾಡದಲ್ಲಿ, 1913ರ ಮಾರ್ಚ್ 5ರಂದು. ಹಾನಗಲ್ಲ ಅವರ ಹಿರಿಯರ ಊರು. ಮನೆಯಲ್ಲಿ ಇಟ್ಟ ಹೆಸರು ಗಾಂಧಾರಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಹಾಡುಗಾರ್ತಿ. ಅವರ ಹಾಡು ಕೇಳಲು ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರೇ ಆ ಮನೆಗೆ ಬರುತ್ತಿದ್ದರು. ಹಾಡುವುದೇ ವೃತ್ತಿಯಾಗಿದ್ದ ಮನೆತನವದು. ಇಲ್ಲಿ ಒಂದು ಮಾತು ಹೇಳಬೇಕು. ಚಾಲುಕ್ಯ, ಕದಂಬರ ಕಾಲದ ದೇವಾಲಯ ಶಾಸನಗಳನ್ನು ಓದಿದರೆ ಪಾತ್ರದವರಿಗೆ, ವಾದ್ಯದವರಿಗೆ ಭೂಮಿ ಬಿಟ್ಟ ಉಲ್ಲೇಖಗಳು ಸಿಗುತ್ತವೆ. ಕಲ್ಲಿನ ಮೇಲೆ ಮನ್ನಣೆ ಪಡೆದ ಆ ಕಲೆಯನ್ನು ಹೊತ್ತು ಬಂದ ಹೆಣ್ಣುಮಕ್ಕಳಿಗೆ ಇಪ್ಪತ್ತನೆಯ ಶತಮಾನದ ಬೀದಿಯಲ್ಲಿ ಮನ್ನಣೆ ಸಿಗಲಿಲ್ಲ. ದಾರಿಯಲ್ಲಿ ನಡೆದು ಹೋಗುವಾಗ "ಗಾನೇವಾಲಿ" ಎಂದು ಜನ ಹಂಗಿಸುತ್ತಿದ್ದುದನ್ನು ಗಂಗೂಬಾಯಿಯವರು ಮುಪ್ಪಿನಲ್ಲಿಯೂ ಮರೆತಿರಲಿಲ್ಲ. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆಯಿತಲ್ಲ, ಅಲ್ಲಿ ಸ್ವಾಗತ ಗೀತೆ ಹಾಡಿದ ಮಕ್ಕಳಲ್ಲಿ ಹನ್ನೊಂದು ವರ್ಷದ ಈ ಹುಡುಗಿಯೂ ಇದ್ದಳು. ಹಾಡಿನ ಭಯಕ್ಕಿಂತ ಊಟದ ಪಂಕ್ತಿಯಲ್ಲಿ ತನ್ನನ್ನು ಹೇಗೆ ನಡೆಸಿಕೊಳ್ಳುತ್ತಾರೋ ಎಂಬ ಭಯವೇ ಆಕೆಗೆ ಹೆಚ್ಚಾಗಿತ್ತು. ಹನ್ನೊಂದು ವರ್ಷದ ಮಗುವಿನ ಮನಸ್ಸಿನಲ್ಲಿ ಇಂಥ ಭಯ ಹುಟ್ಟಿಸಿದ ಸಮಾಜದ ಬಗ್ಗೆ ನೀವು ಸ್ವಲ್ಪ ಯೋಚಿಸಬೇಕು.

1928ರಲ್ಲಿ ಕುಟುಂಬ ಹುಬ್ಬಳ್ಳಿಗೆ ಬಂತು. ಮಗಳು ಹಿಂದೂಸ್ತಾನಿ ಸಂಗೀತ ಕಲಿಯಬೇಕು ಎಂಬುದು ತಾಯಿಯ ಹಂಬಲ. ಮಗಳ ಕಿವಿಯಲ್ಲಿ ಕರ್ನಾಟಕ ಶೈಲಿ ಉಳಿಯಬಾರದೆಂದು ತಾಯಿ ತಮ್ಮ ಹಾಡನ್ನೇ ನಿಲ್ಲಿಸಿದರು ಎಂದು ಹೇಳುತ್ತಾರೆ. ಎಂಥ ತ್ಯಾಗವಿದು! ಮೊದಲ ಗುರು ಕೃಷ್ಣಾಚಾರ್ಯ ಹುಲಗೂರ, ಕಿನ್ನರಿ ವಾದ್ಯದವರು. ಹುಲಗೂರು ಎಂಬುದು ಶಿಗ್ಗಾಂವಿ ತಾಲ್ಲೂಕಿನ ಊರು ಎಂಬುದನ್ನು ನಕ್ಷೆಯಲ್ಲಿ ನೋಡಿ. ಒಂದು ವರ್ಷದೊಳಗೆ ಸುಮಾರು 60 ಚೀಜುಗಳ ಪಾಠವಾಯಿತು. ಅಷ್ಟರಲ್ಲಿ ಫೀ ವಿಷಯದಲ್ಲಿ ಒಮ್ಮತ ಬಾರದೆ ಪಾಠ ನಿಂತಿತು. ಆಮೇಲೆ ದತ್ತೋಪಂತ ದೇಸಾಯಿಯವರಲ್ಲಿ ಕಲಿಕೆ. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ಈ ಕಡೆ ಬಂದಾಗ ಅವರಿಂದ ಅಷ್ಟಿಷ್ಟು. ಸವಾಯಿ ಗಂಧರ್ವರು ಆಗ ಮರಾಠಿ ನಾಟಕ ಕಂಪನಿಗಳಲ್ಲಿ ಹೆಸರಾಂತ ನಟ, ಗಾಯಕ. ಇಂದು ಪುಣೆ, ನಾಳೆ ಮುಂಬಯಿ, ನಾಡಿದ್ದು ಇನ್ನೆಲ್ಲೋ. ಕಂಪನಿ ಹೋದಲ್ಲಿ ಅವರು.

ಗುರು ತಿರುಗಾಟದವರಾದರೆ ಆ ಕಾಲದ ಗಂಡು ಶಿಷ್ಯ ಹಾಸಿಗೆ ಸುತ್ತಿಕೊಂಡು ಹಿಂದೆಯೇ ಹೋಗುತ್ತಿದ್ದ. ಗುರುವಿನ ಮನೆಯಲ್ಲಿ ನೀರು ಹೊತ್ತು, ತಂಬೂರಿ ಮೀಟಿ, ಸಿಕ್ಕಷ್ಟು ಕಲಿಯುತ್ತಿದ್ದ. ಹೆಣ್ಣುಮಕ್ಕಳಿಗೆ ಆ ದಾರಿ ಇರಲಿಲ್ಲ. ಮೇಲಾಗಿ ಹದಿನಾರನೆಯ ವಯಸ್ಸಿನಲ್ಲಿ, 1929ರಲ್ಲಿ, ವಕೀಲ ಗುರುರಾವ್ ಕೌಲಗಿಯವರೊಂದಿಗೆ ಗಂಗೂಬಾಯಿಯವರ ಸಂಸಾರ ಆರಂಭವಾಗಿತ್ತು. ಮಕ್ಕಳಾದವು. 1932ರಲ್ಲಿ ತಾಯಿ ತೀರಿಕೊಂಡರು. ಮನೆಯ ಖರ್ಚಿಗೆ ಹಾಡಲೇಬೇಕಿತ್ತು. ಮುಂಬಯಿಗೆ ಹೋಗಿ ಗ್ರಾಮೊಫೋನ್ ತಟ್ಟೆಗಳಿಗೆ ಹಾಡಿದರು. ಆಮೇಲೆ ರೇಡಿಯೋದಲ್ಲಿ ಹಾಡಿದರು. ಹೆಸರು ಬಂತು. ಆದರೆ ತಟ್ಟೆಯ ಒಂದು ಬದಿಯಲ್ಲಿ ಮೂರು ನಿಮಿಷಕ್ಕಿಂತ ಸ್ವಲ್ಪ ಹೆಚ್ಚಿನ ಹಾಡು ಹಿಡಿಸುತ್ತಿತ್ತು. ಮೂರು ನಿಮಿಷದಲ್ಲಿ ಮಿಂಚುವುದು ಒಂದು ವಿದ್ಯೆ. ಒಂದು ರಾಗವನ್ನು ಮುಕ್ಕಾಲು ಗಂಟೆ ಬೆಳೆಸುವುದು ಬೇರೆಯೇ ವಿದ್ಯೆ. ಮೊದಲನೆಯದು ಅವರ ಕೈಗೆ ಬಂದಿತ್ತು. ಎರಡನೆಯದಕ್ಕೆ ಗುರು ಬೇಕಿತ್ತು.

ಗಮನಿಸಿ, ಇವರು ಏನೂ ತಿಳಿಯದ ಹೊಸಬರಲ್ಲ. ಹೆಸರು ಗಳಿಸಿದ ಗಾಯಕಿ. ಇಂಥವರು ಮತ್ತೆ ಸಾ ಹಚ್ಚುವುದರಿಂದ ಶುರು ಮಾಡುವುದು ಸುಲಭವಲ್ಲ. ನನ್ನ ಮಟ್ಟಿಗೆ, ಕಲಿಕೆಗೆ ಮರಳುವವರಿಗೆ ವಯಸ್ಸಿಗಿಂತ ದೊಡ್ಡ ಅಡ್ಡಿ ಇದೇ: ಅರ್ಧ ಬಂದದ್ದನ್ನು ಬಾರದೆಂದು ಒಪ್ಪಿಕೊಳ್ಳುವುದು.

1930ರ ದಶಕದಲ್ಲಿ ಟಾಕಿ ಸಿನಿಮಾ ಬಂದು ನಾಟಕ ಕಂಪನಿಗಳ ಬಲ ಕುಗ್ಗತೊಡಗಿತ್ತು. ಆ ದಶಕದ ಉತ್ತರಾರ್ಧದಲ್ಲಿ ಸವಾಯಿ ಗಂಧರ್ವರು ತಿರುಗಾಟ ಬಿಟ್ಟು ಸ್ವಂತ ಊರು ಕುಂದಗೋಳಕ್ಕೆ ಬಂದು ನೆಲೆಸಿದರು. ಗಂಗೂಬಾಯಿಯವರಿಗೆ ಆಗ ಇಪ್ಪತ್ತೈದರ ಆಸುಪಾಸು. ಹುಬ್ಬಳ್ಳಿಯಿಂದ ಕುಂದಗೋಳ ರೈಲಿನಲ್ಲಿ ಇಪ್ಪತ್ತು ಕಿಲೋಮೀಟರಿನ ಆಚೀಚೆ. ಹರಿಹರದ ಕಡೆಗೆ ಹೋಗುವ ಹಳಿ ಅದು. ಕುಂದಗೋಳ, ಸಂಶಿ, ಗುಡಗೇರಿ ದಾಟಿದರೆ ಸವಣೂರು ಸೀಮೆಯ ಯಲವಿಗಿ ಬರುತ್ತದೆ. ಹಾನಗಲ್ಲಿಗಾಗಲಿ ಶಿಗ್ಗಾಂವಿಗಾಗಲಿ ಹಿರೇಕೆರೂರಿಗಾಗಲಿ ರೈಲು ಬರಲಿಲ್ಲ ಎಂಬುದನ್ನೂ ಇಲ್ಲಿಯೇ ನೆನಪಿಡಿ. ಗಂಗೂಬಾಯಿಯವರ ಹಿರಿಯರು ಹಾನಗಲ್ಲಿನಲ್ಲೇ ಉಳಿದಿದ್ದರೆ ಈ ಪಾಠ ಹೀಗೆ ನಡೆಯುತ್ತಿರಲಿಲ್ಲ. ಕಲೆಯ ಇತಿಹಾಸ ಬರೆಯುವವರು ರೈಲಿನ ವೇಳಾಪಟ್ಟಿಯನ್ನೂ ಓದಬೇಕು!

ಇನ್ನೊಂದು ಸ್ವಾರಸ್ಯ. ಹುಬ್ಬಳ್ಳಿ ಮುಂಬಯಿ ಪ್ರಾಂತ್ಯದ ಊರು, ನೇರ ಬ್ರಿಟಿಷರ ಆಳ್ವಿಕೆ. ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದು. ಸವಣೂರು ನವಾಬರ ಸಂಸ್ಥಾನ. ಒಂದೇ ಹಳಿಯ ಮೇಲೆ ಒಂದು ಗಂಟೆ ಹೋದರೆ ಮೂರು ಸರಕಾರ. ಸಂಗೀತಕ್ಕೆ ಮಾತ್ರ ಈ ಗಡಿಗಳಲ್ಲಿ ಸುಂಕದ ಕಟ್ಟೆ ಇರಲಿಲ್ಲ. ಅಬ್ದುಲ್ ಕರೀಂ ಖಾನರು ಮೀರಜಿನಿಂದ ಮೈಸೂರು ದರಬಾರಿಗೆ ಹೋಗುವ ಬರುವ ದಾರಿಯಲ್ಲಿ ಧಾರವಾಡ, ಹುಬ್ಬಳ್ಳಿಗಳಲ್ಲಿ ತಂಗುತ್ತಿದ್ದುದರಿಂದಲೇ ಈ ಸೀಮೆಗೆ ಕಿರಾಣಾ ಗಾಯನ ಬಂತು. ಕುಂದಗೋಳದ ರಾಮಭಾವು ಅವರ ಶಿಷ್ಯರಾದದ್ದೂ ಹೀಗೆಯೇ.

ಗಂಗೂಬಾಯಿಯವರು ಹುಬ್ಬಳ್ಳಿಯ ಮನೆಗೆಲಸ ಮುಗಿಸಿ ಗಾಡಿ ಹತ್ತುತ್ತಿದ್ದರು. ಪಾಠ ಮುಗಿಸಿ ರಾತ್ರಿಯ ಗಾಡಿಗೆ ಹಿಂತಿರುಗುತ್ತಿದ್ದರು. ಸುಮಾರು ಮೂರು ವರ್ಷ ಹೀಗೆ. ಅಲ್ಲಿ ಆಗ ಇನ್ನೊಬ್ಬ ಶಿಷ್ಯನಿದ್ದ. ಹಾಡು ಕಲಿಯಬೇಕೆಂದು ಮನೆ ಬಿಟ್ಟು ಉತ್ತರ ಹಿಂದೂಸ್ತಾನವೆಲ್ಲ ಅಲೆದು, 1936ರಲ್ಲಿ ಕುಂದಗೋಳ ಸೇರಿದ ಗದಗಿನ ಹುಡುಗ, ಭೀಮಸೇನ ಜೋಶಿ. ವಯಸ್ಸಿನಲ್ಲಿ ಗಂಗೂಬಾಯಿಯವರಿಗಿಂತ ಒಂಬತ್ತು ವರ್ಷ ಚಿಕ್ಕವನು. ಕತ್ತಲಾದ ಮೇಲೆ ಅಕ್ಕನನ್ನು ನಿಲ್ದಾಣದವರೆಗೆ ಕಳುಹಿಸಿ ಬರುವ ಕೆಲಸ ಅವನದು. ದಾರಿಯುದ್ದಕ್ಕೂ ಅವನ ಪ್ರಶ್ನೆ ಒಂದೇ: ಗುರುಗಳು ಇವತ್ತು ನಿಮಗೆ ಏನು ಹೇಳಿಕೊಟ್ಟರು? ಅಕ್ಕನ ಪಾಠ ಹೀಗೆ ತಮ್ಮನಿಗೂ ಆಗುತ್ತಿತ್ತು. ಆ ಹುಡುಗನಿಗೆ 2008ರಲ್ಲಿ ಭಾರತರತ್ನ ಬಂತು ಎಂದು ನಿಮಗೆ ಹೇಳಬೇಕಾಗಿಲ್ಲ.

ಪಾಠ ಹೇಗಿತ್ತು? ಒಂದು ಸ್ವರಗುಚ್ಛ ಕೊಟ್ಟರೆ ದಿನಗಟ್ಟಲೆ ಅದೇ. ಹೊಸ ಚೀಜಿನ ಆಸೆ ತೋರಿಸುವಂತಿಲ್ಲ. ಹುಲಗೂರರಲ್ಲಿ ಒಂದು ವರ್ಷಕ್ಕೆ 60 ಚೀಜು ಕಲಿತವರು ಇಲ್ಲಿ ಕೆಲವೇ ರಾಗಗಳಲ್ಲಿ ವರ್ಷಗಟ್ಟಲೆ ಇದ್ದರು. ಜಿಪುಣ ದುಡ್ಡು ಖರ್ಚು ಮಾಡುವ ಹಾಗೆ ಸ್ವರವನ್ನು ಖರ್ಚು ಮಾಡಬೇಕೆಂಬುದು ಗುರುವಿನ ಬೋಧೆ ಎಂದು ಗಂಗೂಬಾಯಿಯವರು ಹೇಳುತ್ತಿದ್ದರು. ಅವರ ಹಾಡಿನಲ್ಲಿ ಇದು ಕೇಳಿಸುತ್ತದೆ. ಷಡ್ಜದಿಂದ ಋಷಭಕ್ಕೆ ಬರಲು ಅವರು ತೆಗೆದುಕೊಳ್ಳುವ ಹೊತ್ತನ್ನು ಗಮನಿಸಿ. ಅವಸರವಿಲ್ಲ, ಸಂಕೋಚವೂ ಇಲ್ಲ. ಬೆಳಗಿನ ಭೈರವ, ಸಂಜೆಯ ಮಾರವಾ ಯಾವುದನ್ನಾದರೂ ಕೇಳಬಹುದು.

ಈ ನಡುವೆ ಗಂಟಲಿಗೆ ಆದ ಶಸ್ತ್ರಚಿಕಿತ್ಸೆಯ ನಂತರ ಅವರ ಧ್ವನಿಯೇ ಬದಲಾಯಿತು. ತಟ್ಟೆಗಳಲ್ಲಿದ್ದ ಎಳೆಯ, ತೆಳುವಾದ ಕಂಠ ಹೋಗಿ ಗಂಡಸಿನ ಧ್ವನಿಗೆ ಹತ್ತಿರವಾದ ಗಂಭೀರ ಕಂಠ ಬಂತು. ಬೇರೆಯವರಾದರೆ ಹಾಡು ಮುಗಿಯಿತೆಂದು ಕೈಬಿಡುತ್ತಿದ್ದರೇನೋ. ಗುರುವಿನಿಂದ ಕಲಿತ ವಿಳಂಬಿತ ಗಾಯನಕ್ಕೆ ಆ ಹೊಸ ಕಂಠವೇ ಸರಿಹೊಂದಿತು. ಭಜನೆ, ಠುಮ್ರಿಗಳನ್ನು ಕ್ರಮೇಣ ಬಿಟ್ಟು ಖಯಾಲಿಗೇ ನಿಂತರು.

1942ರಲ್ಲಿ ಸವಾಯಿ ಗಂಧರ್ವರಿಗೆ ಪಾರ್ಶ್ವವಾಯು ಹೊಡೆಯಿತು. 1952ರಲ್ಲಿ ಅವರು ತೀರಿಕೊಂಡರು. ಅಂದರೆ ಗಂಗೂಬಾಯಿಯವರಿಗೆ ಕಲಿಯಲು ಸಿಕ್ಕ ಕಿಟಕಿ ಬಹಳ ಚಿಕ್ಕದು. "ಮಕ್ಕಳು ಸ್ವಲ್ಪ ದೊಡ್ಡವರಾಗಲಿ, ಆಮೇಲೆ ನೋಡೋಣ" ಎಂದು ಆಕೆ ಇನ್ನು ಐದು ವರ್ಷ ಕಾದಿದ್ದರೆ ಆ ಕಿಟಕಿ ಮುಚ್ಚಿರುತ್ತಿತ್ತು.

ಇದು ಒಬ್ಬರ ಕಥೆಯಲ್ಲ. ಅದೇ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯ ಎಂಬ ಬಾಲಕ ಹುಟ್ಟಿದ. ಅವನಿಗೂ ಅವನ ಅಣ್ಣನಿಗೂ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳು ಹುಡುಗರ ಕಂಠ ಕೇಳಿ ಆಶ್ರಯ ಕೊಟ್ಟರು. ಗದಿಗೆಯ್ಯ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಮೊದಲು ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತ ಕಲಿತು ವಿದ್ವಾಂಸರಾದರು. ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ಬೆಳೆದ ಮೇಲೆ ನೀಲಕಂಠಬುವಾ ಮಿರಜಕರರಲ್ಲಿ ಹಿಂದೂಸ್ತಾನಿ ಸಂಗೀತಕ್ಕೆ ಶಿಷ್ಯರಾಗಿ ಕುಳಿತರು. ಇದರ ಕಷ್ಟ ಏನೆಂದು ಸಂಗೀತ ಕಲಿಯುತ್ತಿರುವ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಕಲ್ಯಾಣಿಯ ಸ್ವರಗಳೇ ಯಮನದ ಸ್ವರಗಳು. ಮಾಯಾಮಾಳವಗೌಳದ ಸ್ವರಗಳೇ ಭೈರವದವು. ಆದರೆ ಸ್ವರದಿಂದ ಸ್ವರಕ್ಕೆ ಹೋಗುವ ದಾರಿ ಬೇರೆ, ನಿಲ್ಲುವ ಜಾಗ ಬೇರೆ, ಗಮಕದ ತೂಗಾಟ ಬೇರೆ. ಹೊಸದನ್ನು ಕಲಿಯಲು ಗಂಟಲು ಹಳೆಯದನ್ನು ತಡೆದು ಹಿಡಿಯಬೇಕು. ಗವಾಯಿಗಳು ಎರಡನ್ನೂ ಉಳಿಸಿಕೊಂಡರು. 'ಉಭಯ ಗಾಯನ ವಿಶಾರದ' ಎಂಬ ಬಿರುದು ಅದಕ್ಕೇ. ಅವರು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಮೊದಲು ಊರೂರು ತಿರುಗಿ, ಕೊನೆಗೆ ಗದಗಿನಲ್ಲಿ ನೆಲೆಯೂರಿತು. ಕಣ್ಣಿಲ್ಲದ ನೂರಾರು ಬಡಮಕ್ಕಳು ಅಲ್ಲಿ ಅನ್ನ ಉಂಡು ಸಂಗೀತ ಕಲಿತಿದ್ದಾರೆ. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದ ಮೇಲೆ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ಆಶ್ರಮವನ್ನು ನಡೆಸಿದರು. 1995ರ 'ಗಾನಯೋಗಿ ಪಂಚಾಕ್ಷರ ಗವಾಯಿ' ಚಲನಚಿತ್ರವನ್ನು ನಿಮ್ಮ ಮನೆಯ ಹಿರಿಯರು ನೋಡಿರುತ್ತಾರೆ, ಕೇಳಿ ನೋಡಿ.

ಅದೇ ನೀಲಕಂಠಬುವಾ ಅವರ ಇನ್ನೊಬ್ಬ ಶಿಷ್ಯ ಧಾರವಾಡ ಬಳಿಯ ಮನಸೂರಿನ ಮಲ್ಲಿಕಾರ್ಜುನ. ಗ್ವಾಲಿಯರ್ ಪದ್ಧತಿಯಲ್ಲಿ ಪಳಗಿ, ತಟ್ಟೆಗಳಿಂದ ಮನೆಮಾತಾಗಿದ್ದ ಅವರು 1935ರ ಸುಮಾರಿಗೆ ಮಂಜಿ ಖಾನರ ಮುಂದೆ ಜೈಪುರ ಘರಾಣೆಯ ಹೊಸ ವಿದ್ಯಾರ್ಥಿ. 1937ರಲ್ಲಿ ಮಂಜಿ ಖಾನರು ಅಕಾಲದಲ್ಲಿ ತೀರಿದರು. ಮನಸೂರರು ಖಾನರ ತಮ್ಮ ಭುರ್ಜಿ ಖಾನರಲ್ಲಿ ಪಾಠ ಮುಂದುವರಿಸಿದರು.

ಇದೆಲ್ಲ ಕಂಠದ ಮಾತಾಯಿತು, ವಾದ್ಯದ ಗತಿಯೇನು ಎಂದು ನೀವು ಕೇಳಬಹುದು. ಊದುವ ವಾದ್ಯವನ್ನೇ ತೆಗೆದುಕೊಳ್ಳೋಣ. ಸ್ಯಾಕ್ಸೋಫೋನ್ ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತ ಮಾಡಿದ್ದು. 1846ರಲ್ಲಿ ಫ್ರಾನ್ಸಿನಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಮೈ ಹಿತ್ತಾಳೆಯದು, ಆದರೆ ನಾದ ಹುಟ್ಟುವುದು ತುಟಿಯ ಬಳಿ ಇರುವ ಒಂಟಿ ಬೆತ್ತದ ಸೀಳಿನಿಂದ. ಹಲವು ವರ್ಷ ಬಿಟ್ಟು ಮತ್ತೆ ಹಿಡಿದವರಿಗೆ ಬೆರಳಿನ ದಾರಿ ಬೇಗ ನೆನಪಾಗುತ್ತದೆ. ತುಟಿ ಮಾತ್ರ ಕೇಳುವುದಿಲ್ಲ. ಬಾಯಿಯ ಸುತ್ತಲಿನ ಸ್ನಾಯುಗಳು ಅಭ್ಯಾಸ ತಪ್ಪಿ ಸಡಿಲಾಗಿರುತ್ತವೆ. ಹತ್ತು ನಿಮಿಷದಲ್ಲಿ ಸೋಲುತ್ತವೆ, ಸ್ವರ ಕೆಳಗೆ ಜಾರುತ್ತದೆ. ಉಸಿರೂ ಮೊದಲಿನಷ್ಟು ಉದ್ದ ಬರುವುದಿಲ್ಲ. ಇದಕ್ಕೆ ಮದ್ದು ದಿನವೂ ಸ್ವಲ್ಪ ಸ್ವಲ್ಪ, ಒಂದೊಂದೇ ಸ್ವರವನ್ನು ದೀರ್ಘವಾಗಿ ಊದುವುದು. ಕುಂದಗೋಳದ ಪಾಠಕ್ಕೂ ಇದಕ್ಕೂ ಎಷ್ಟು ಹತ್ತಿರ ನೋಡಿ!

ಕರ್ನಾಟಕದಲ್ಲಿ ಈ ವಾದ್ಯದ ಹೆಸರು ಹೇಳಿದರೆ ಕದ್ರಿ ಗೋಪಾಲನಾಥರು. 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ಹುಟ್ಟಿದ ಅವರಿಗೆ ತಂದೆ ತನಿಯಪ್ಪನವರಿಂದ ಬಂದ ವಿದ್ಯೆ ನಾಗಸ್ವರದ್ದು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತರು. ನಾಗಸ್ವರದ ರಂಧ್ರಗಳು ತೆರೆದವು, ಬೆರಳನ್ನು ಮೆಲ್ಲಗೆ ಸರಿಸಿದರೆ ಗಮಕ ಹೊರಡುತ್ತದೆ. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿ; ತೆರೆ ಇಲ್ಲವೇ ಮುಚ್ಚು, ನಡುವಿನ ಜಾರು ಇಲ್ಲ. ಹಾಗಾಗಿ ತಂದೆಯಿಂದ ಬಂದದ್ದು ಕಿವಿಯಲ್ಲಿ ಉಳಿಯಿತು, ಕೈಬಾಯಿಗಳ ಪಾಠ ಮಾತ್ರ ಹೊಸದಾಗಿಯೇ ನಡೆಯಬೇಕಾಯಿತು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತರು. ಆಮೇಲೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ. ಕಛೇರಿಯ ವೇದಿಕೆ ಈ ಪರದೇಶಿ ವಾದ್ಯವನ್ನು ಒಪ್ಪಲು ವರ್ಷಗಳೇ ಬೇಕಾದವು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ.ಯ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು, 2019ರಲ್ಲಿ ನಿಧನರಾದರು. ಕರಾವಳಿಯ ದೇವಸ್ಥಾನದ ಉತ್ಸವಗಳಲ್ಲಿ, ಮದುವೆಗಳಲ್ಲಿ ಇಂದು ಸ್ಯಾಕ್ಸೋಫೋನ್ ಕೇಳಿದರೆ ಯಾರಿಗೂ ಅಚ್ಚರಿಯಿಲ್ಲ.

ಮತ್ತೆ ಹುಬ್ಬಳ್ಳಿಗೆ ಬರೋಣ. 1971ರಲ್ಲಿ ಪದ್ಮಭೂಷಣ, 1973ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 2002ರಲ್ಲಿ ಪದ್ಮವಿಭೂಷಣ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಗಂಗೂಬಾಯಿಯವರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗೌರವ ಪ್ರಾಧ್ಯಾಪಕರಾದರು; ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಈಗ ಅವರದೇ ಹೆಸರು. ಬೀದಿಯಲ್ಲಿ ಹಂಗಿಸಿದ ಸಮಾಜ ಇಷ್ಟನ್ನೂ ಕೊಟ್ಟಿತು, ಆದರೆ ತಡವಾಗಿ. ಅವರ ತಾಯಿ ಅಂಬಾಬಾಯಿಗೆ ಅದರಲ್ಲಿ ಏನೂ ಸಿಗಲಿಲ್ಲ. ಮಗಳಿಗಾಗಿ ನಿಲ್ಲಿಸಿದ ಆ ಹಾಡು ಹೇಗಿತ್ತು ಎಂದು ತಿಳಿಯುವ ಆಸೆ ನನಗೆ ಯಾವಾಗಲೂ ಇದೆ.

ವೇದಿಕೆಯಲ್ಲಿ ಗಂಗೂಬಾಯಿಯವರ ಹಿಂದೆ ಕುಳಿತು ಸ್ವರ ಕೂಡಿಸುತ್ತಿದ್ದವರು ಮಗಳು ಕೃಷ್ಣಾ. 2004ರಲ್ಲಿ ಮಗಳೇ ಮೊದಲು ಹೋದರು. ಆ ದುಃಖದ ನಂತರವೂ, 2006ರ ಮಾರ್ಚಿನಲ್ಲಿ, 93ನೆಯ ವಯಸ್ಸಿನಲ್ಲಿ ಗಂಗೂಬಾಯಿಯವರು ತಮ್ಮ ಕೊನೆಯ ಕಛೇರಿ ಹಾಡಿದರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಕಣ್ಣುಗಳನ್ನು ದಾನ ಮಾಡಲಾಯಿತು.

ಕುಂದಗೋಳದಲ್ಲಿ ನಾಡಿಗೇರ ವಾಡೆ ಇದೆ. ಸವಾಯಿ ಗಂಧರ್ವರ ನೆನಪಿನಲ್ಲಿ ಅಲ್ಲಿ ರಾತ್ರಿಯಿಡೀ ಸಂಗೀತ ನಡೆಸುವ ಪದ್ಧತಿ ಬೆಳೆದು ಬಂದಿದೆ. ಗಂಗೂಬಾಯಿಯವರೂ ಭೀಮಸೇನರೂ ಅಲ್ಲಿ ಹಾಡಿದ್ದಾರೆ. ಮೀಟರ್ ಗೇಜಿನ ಹಳಿ ಹೋಗಿ ಬ್ರಾಡ್ ಗೇಜ್ ಬಂದಿದೆ. ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೋಗುವಾಗ ಕಿಟಕಿಯ ಪಕ್ಕ ಕುಳಿತರೆ ಕುಂದಗೋಳದ ನಿಲ್ದಾಣ ಕಾಣುತ್ತದೆ.